ಕಾಣಿಕೆ ಹೊತ್ತಿನ ಕ್ಯಾಮೆರಾ

ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪು, ಕುರ್ಚಿಗಳ ಮೇಲೂ ಬಾಯಿ ತೆರೆದ ಬ್ಯಾಗುಗಳು, ಗಂಟುಬಿದ್ದ ಕರಿ ವೈರುಗಳು, ಅವುಗಳ ನಡುವೆ ಯಾವುದಕ್ಕೂ ಸೇರದ ಒಂದು ರಿಮೋಟು. ನಯನಾ ರೊಟ್ಟಿ ಡಬ್ಬಿ ಹಿಡಿದುಕೊಂಡು, ಇಡುವುದೆಲ್ಲಿ ಎಂದು ನೋಡುತ್ತ ನಿಂತಿದ್ದಳು. ಅವಳ ಅತ್ತೆ ನಿರ್ಮಲಮ್ಮ ಆ ಗೊಡವೆಯೇ ಬೇಡವೆಂದು ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಗೋಡೆ ಪಕ್ಕದ ಟ್ರೈಪಾಡಿನ ಮೇಲೆ ಅವರ ಒದ್ದೆ ಟವೆಲ್ ಒಣಗುತ್ತಿತ್ತು.

"ಅಮ್ಮ, ಟವೆಲ್ ತೆಗಿ. ಅದು ಭಾಳ ದುಬಾರಿದು," ಎಂದ ನಯನಾಳ ಗಂಡ ಬಸವಕಿರಣ್.

"ಅಷ್ಟು ದುಬಾರಿದಾದ್ರೆ ಒಂದು ಟವೆಲ್ ಭಾರ ತಡಿಯಲ್ಲೇನು?"

ಮಾವ ವಾಮದೇವಪ್ಪ ಬಚ್ಚಲಿನಿಂದ ಕೈ ತೊಳೆದು ಬಂದರು. ಅವರದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ಮೇಜಿನತ್ತ ಒಮ್ಮೆ ನೋಡಿ, ಚಾಪೆಯ ಮೇಲೆ ಕೂರಲು ಮೊಣಕಾಲು ಮಡಚುತ್ತ ನರಳಿದರು. "ಸಾವಿರ ಚೀಲ ಇಳಿಸಿದ ದಿನಾನೂ ನನ್ನ ಮಂಡ್ಯಾಗೆ ಒಂದು ಕುರ್ಚಿ ಖಾಲಿ ಇರ್ತೈತೆ. ಈ ಮನೆಯಾಗೆ ಇಲ್ಲ ನೋಡು."

"ಇನ್ನೊಂದು ವಾರ ಅಪ್ಪಾಜಿ. ಹರಿಹರದ ಚರ್ಚಿಂದು ಮುಗೀಲಿ."

ಈ ಇನ್ನೊಂದು ವಾರ ಎಂಬುದು ಶುರುವಾಗಿ ಎಷ್ಟೋ ವಾರವಾಗಿತ್ತು. ನಯನಾ ಡಬ್ಬಿಯನ್ನು ಲ್ಯಾಪ್‌ಟಾಪಿನ ಮೇಲೆಯೇ ಇಟ್ಟಳು. ಬಸವಕಿರಣ್ ಹಾರಿ ಬಂದು ಎತ್ತಿಕೊಂಡ.

ತಪ್ಪು ತನ್ನದೇ ಎಂಬುದು ನಯನಾಗೆ ಗೊತ್ತಿತ್ತು. ಈ ಕೆಲಸ ಮನೆಗೆ ಬಂದದ್ದೇ ಅವಳಿಂದ. ಅವಳು ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿ ಕನ್ನಡ ಕಲಿಸುವ ಸುಗಂಧಿ ಟೀಚರ್ ವಯಸ್ಸಿನಲ್ಲಿ ಅವಳ ತಾಯಿಯಷ್ಟು ದೊಡ್ಡವರು. ಸೇರಿದ ಹೊಸದರಲ್ಲಿ ತರಗತಿ ನಿಭಾಯಿಸಲಾರದೆ ಅತ್ತುಕೊಂಡು ಕೂತವಳನ್ನು ಎಬ್ಬಿಸಿ, ಮುಖ ತೊಳೆಸಿ, ತಮ್ಮ ಡಬ್ಬಿಯ ಅರ್ಧ ಊಟ ಕೊಟ್ಟವರು. ಆಮೇಲೆ ಇಬ್ಬರೂ ಡಬ್ಬಿ ಬೇರೆ ಬೇರೆ ತೆರೆದದ್ದೇ ಇಲ್ಲ. ಅವರ ಸಭೆಯ ಸಣ್ಣ ಚರ್ಚಿನಲ್ಲಿ ಭಾನುವಾರದ ಆರಾಧನೆಯನ್ನು ಲೈವ್ ಬಿಡಬೇಕೆಂದು ಕಮಿಟಿ ತೀರ್ಮಾನಿಸಿದಾಗ, ಕಾರ್ಯದರ್ಶಿ ಪ್ರಭುದಾಸ್ ಅವರು ಬೆಂಗಳೂರಿನ ತಮ್ಮ ಪರಿಚಯದವರನ್ನು ಕರೆಸುವ ಮಾತಾಡಿದ್ದರು. ಸುಗಂಧಿ ಟೀಚರ್ ಎದ್ದು ನಿಂತು, ದಾವಣಗೆರೆಯಲ್ಲೇ ನಂಬಿಕಸ್ಥರಿದ್ದಾರೆ, ಮದುವೆ ವಿಡಿಯೋ ತೆಗೆಯುವ ನನ್ನ ನಯನಾಳ ಮನೆಯವರು ಎಂದಿದ್ದರು.

"ಮೂವತ್ತು ವರ್ಷದಲ್ಲಿ ಕಮಿಟಿಯಲ್ಲಿ ಎದ್ದು ಮಾತಾಡಿದ್ದು ಇದೇ ಮೊದಲು ನೋಡಮ್ಮ," ಎಂದಿದ್ದರು ಟೀಚರ್. "ನನ್ನ ಮಾತಿನ ಮೇಲೆ ಒಪ್ಪಿದಾರೆ. ಹಾಸಿಗೆ ಹಿಡಿದವರು, ದುಬೈಗೆ ಹೋದ ಮಕ್ಕಳು ನೋಡ್ಬೇಕು, ಅಷ್ಟೇ. ಪಾದ್ರಿಗಳ ಮಾತು ಸ್ವಚ್ಛ ಕೇಳ್ಲಿ. ಹಾಡಿನ ಸಾಲು, ಬೈಬಲ್ ವಾಕ್ಯ ಸ್ಲೈಡಲ್ಲಿ ಬರ್ಲಿ. ನಿನ್ನ ಗಂಡ ಒಂದು ಭಾನುವಾರ ಬಂದು ಸುಮ್ನೆ ಕೂತು ಆರಾಧನೆ ನೋಡ್ಲಿ. ಆಮೇಲೆ ಏನೇನು ಕೊಳ್ಳಬೇಕು ಅಂತ ಹೇಳ್ಲಿ."

ನಯನಾ ಈ ಮಾತನ್ನು ಮನೆಗೆ ತಂದು ಗಂಡನ ಮುಂದಿಟ್ಟಳು. ತಿಂಡಿ ಹೊತ್ತಿನಲ್ಲಿ ಇಟ್ಟಳು, ಊಟದ ಹೊತ್ತಿನಲ್ಲಿ ಇಟ್ಟಳು, ಅವನ ಅಂಗಿ ಇಸ್ತ್ರಿ ಮಾಡುವಾಗ ಇಟ್ಟಳು.

"ಒಂದು ಭಾನುವಾರ ಹೋಗಿ ಕೂತ್ಕಂಡು ಬರ್ರಿ. ಅಷ್ಟೇ ಕೇಳಿದ್ದು ಅವರು."

"ಏನ್ ನೋಡೋದೈತೆ? ಸ್ಟೇಜ್ ಐತೆ, ಮೈಕ್ ಐತೆ, ಜನ ಅದಾರೆ. ಐನೂರು ಮದುವೆ ತೆಗ್ದಿದೀನಿ ನಾನು."

"ಮದುವೆ ಬೇರೆ, ಅದು ಬೇರೆ."

"ಕ್ಯಾಮೆರಾಕ್ಕೆ ಎಲ್ಲಾ ಒಂದೇ ಕಣೆ."

ಅವನು ಹೋಗಲಿಲ್ಲ. ಬದಲಿಗೆ ಫೋನಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ಚರ್ಚುಗಳ ವಿಡಿಯೋ ನೋಡಿದ. ಮೂರು ಕ್ಯಾಮೆರಾ ಬೇಕು ಎಂದ. ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಸ್ವಿಚರ್ ಬೇಕು ಎಂದ. ಎತ್ತರದಿಂದ ಇಳಿದು ಬರುವ ಸಣ್ಣ ಕ್ರೇನು ಇದ್ದರೆ ಚೆನ್ನ ಎಂದ. ಮರುದಿನ ಕ್ರೇನು ಬಿಟ್ಟು, ರಿಮೋಟಿನಿಂದ ತಾನಾಗಿ ತಿರುಗುವ ಕ್ಯಾಮೆರಾ ಹಿಡಿದುಕೊಂಡ. ನೋಡಿ ಕೊಡುತ್ತೇನೆಂದು ಗೆಳೆಯರ ಅಂಗಡಿಯಿಂದ ತಂದ ಒಂದೊಂದು ಸಾಮಾನೂ ಊಟದ ಮೇಜಿಗೆ ಬಂದು ಬಿತ್ತು.

ವಾಮದೇವಪ್ಪನವರಿಗೆ ಕ್ಯಾಮೆರಾದ ಗಂಧಗಾಳಿಯಿಲ್ಲ. ವ್ಯಾಪಾರ ಮಾತ್ರ ಗೊತ್ತು. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ ಒಂದು ದಿನ ಕೇಳಿದರು: "ಆ ಗುಡಿ ಎಷ್ಟುದ್ದ ಐತೋ?"

"ಗೊತ್ತಿಲ್ಲ ಅಪ್ಪಾಜಿ. ಸಣ್ಣದಂತೆ."

"ಕಿಟಕಿ ಯಾವ ಕಡೆ ಅದಾವೆ? ಬಿಸಿಲು ಎಲ್ಲಿಂದ ಬರ್ತೈತೆ?"

"ಹೋದಾಗ ನೋಡಿದ್ರಾತು."

"ಮಾಲು ನೋಡ್ದೆ ರೇಟು ಹೇಳೋ ಮಗ ನನಗೆ ಹೆಂಗೆ ಹುಟ್ಟಿದ್ಯೋ?"

"ನಿಮ್ಮ ಜೋಳ ಅಲ್ಲ ಅಪ್ಪಾಜಿ ಇದು!"

"ಜೋಳ ಆಗಿದ್ರೆ ಇಷ್ಟೊತ್ತಿಗೆ ಮಾರಿ ದುಡ್ಡು ಬಂದಿರ್ತಿತ್ತು."

ನಿರ್ಮಲಮ್ಮ ಮಗನ ಪರ ನಿಂತರು. ಅವರಿಗೆ ಮಗನ ಕಸುಬೆಂದರೆ ಹೆಮ್ಮೆ. ಅದಕ್ಕೆ ಬಲವಾದ ಕಾರಣವೂ ಇತ್ತು. ಅವನು ತೆಗೆದ ಮದುವೆಗಳೆಲ್ಲ ಗಿರಾಕಿಗೆ ಹೋಗುವ ಮೊದಲು ಅವರ ಟಿವಿಯಲ್ಲಿ ಒಂದು ಸುತ್ತು ಹಾಕುತ್ತಿದ್ದವು. ತಾಳಿ, ಧಾರೆಯನ್ನೆಲ್ಲ ಅವರು ಸರಸರ ಓಡಿಸಿಬಿಡುತ್ತಿದ್ದರು. ಮುಯ್ಯಿ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡು ಮುಂದೆ ಸರಿದು ಕೂರುತ್ತಿದ್ದರು. ಯಾರು ಕವರು ಕೊಟ್ಟರು, ಯಾರು ಸ್ಟೀಲ್ ಪಾತ್ರೆಯಲ್ಲಿ ಮುಗಿಸಿದರು, ಯಾರು ಬರೀ ಅಕ್ಷತೆ ಹಾಕಿ ಊಟದ ಸಾಲಿಗೆ ಓಡಿದರು ಎಂಬುದು ಅವರಿಗೆ ಧಾರಾವಾಹಿಗಿಂತ ರುಚಿ.

ಅವರೊಬ್ಬರದೇ ಚಪಲವಲ್ಲ ಅದು. ಈ ಸೀಮೆಯಲ್ಲಿ ಮದುವೆ ಮನೆಯವರೆಲ್ಲ ವಿಡಿಯೋದಲ್ಲಿ ಮೊದಲು ಹುಡುಕುವುದು ಅದನ್ನೇ. ಆನಗೋಡಿನ ಮದುವೆಯೊಂದರಲ್ಲಿ ಹುಡುಗಿಯ ಸೋದರಮಾವ ಕವರು ಕೊಟ್ಟದ್ದು ಹೇಗೋ ತಪ್ಪಿಹೋಗಿತ್ತು. ಆ ಮಾವ ಸ್ಟುಡಿಯೋಗೇ ಬಂದು, ನಾನು ಕೊಟ್ಟಿಲ್ಲ ಅಂತ ಊರಿಗೆಲ್ಲ ಸಾರಿದೆಯಲ್ಲೋ ಎಂದು ಬಸವಕಿರಣನ ಕೊರಳಪಟ್ಟಿ ಹಿಡಿದಿದ್ದ. ಅಂದಿನಿಂದ ಯಾರ ಕೈ ಏನನ್ನಾದರೂ ಕೊಡಲು ಮುಂದೆ ಬಂತೆಂದರೆ ಸಾಕು, ಬಸವಕಿರಣನ ಕ್ಯಾಮೆರಾ ಅತ್ತ ತಿರುಗಿಬಿಡುತ್ತಿತ್ತು. ಕೈ, ಕವರು, ಮುಖ, ಮತ್ತೆ ಕೈ. ನಿದ್ದೆಯಲ್ಲಿ ಎಬ್ಬಿಸಿದರೂ ಅವನು ಅದನ್ನು ತಪ್ಪಿಲ್ಲದೆ ಮಾಡುತ್ತಿದ್ದ.

ಕಮಿಟಿಯವರು ಜಾಣರು. ಕೊಳ್ಳುವುದು ಆಮೇಲೆ, ಮೊದಲು ನಿಮ್ಮ ಸಾಮಾನಿನಲ್ಲೇ ಒಂದು ಭಾನುವಾರ ಮಾಡಿ ತೋರಿಸಿ ಎಂದರು. ಅದನ್ನು ನೋಡಿ ಯಾವ ಕ್ಯಾಮೆರಾ, ಎಷ್ಟು, ಎಲ್ಲಿ ಎಂದು ನಿರ್ಧರಿಸುವುದು. ಶನಿವಾರ ಸಂಜೆ ಬಸವಕಿರಣ್ ಹಾಡುಗಳ ಸ್ಲೈಡು ಸಿದ್ಧ ಮಾಡಿ ಹೆಂಡತಿಯನ್ನು ಕರೆದ. ನಯನಾ ಕುಕ್ಕರ್ ಇಳಿಸಿ ಬಂದು ನೋಡಿದಳು. ಹಾಡಿನ ಸಾಲುಗಳ ಸುತ್ತ ಚೆಂಡುಹೂವಿನ ತೋರಣ, ಕೆಳಗೆ ಎರಡು ಬಾಳೆಕಂದು, ಮೇಲಿನ ಮೂಲೆಯಲ್ಲಿ ಪುಟ್ಟ ಗಣಪತಿ.

"ಇದೇನ್ರಿ ಇದು?"

"ಯಾಕ? ಚೆಂದ ಇಲ್ಲೇನು?"

"ಗಣಪತಿ ಕೂತಾನಲ್ರಿ, ಚರ್ಚಿನ ಹಾಡಿನ ಮೇಲೆ!"

ಬಸವಕಿರಣ್ ಬಗ್ಗಿ ನೋಡಿದ. "ಓ. ಅದು ಮದುವೆ ಡಿಸೈನಲ್ಲಿ ಮೊದ್ಲಿಂದ ಇರ್ತೈತೆ. ನನ್ನ ಕಣ್ಣಿಗೆ ಬೀಳ್ಲೇ ಇಲ್ಲ."

"ಇರ್ಲಿ ಬಿಡು, ಯಾವ ದೇವ್ರಾದ್ರೇನು," ಎಂದರು ನಿರ್ಮಲಮ್ಮ ಅಡುಗೆಮನೆಯಿಂದ. "ನಾನು ವರ್ಷಾವರ್ಷ ಹರಿಹರದ ಮಾತೆ ಗುಡಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರಲ್ವೇನು?"

"ಇದು ಅದಲ್ಲ ಅತ್ತೆ. ಇದು ಬೇರೆ, ಸಣ್ಣ ಚರ್ಚು. ಅವರ ಪದ್ಧತಿ ಬೇರೆ," ಎಂದಳು ನಯನಾ. ಅನ್ನ ಆರಿಹೋಗುವವರೆಗೂ ಕೂತು, ಒಂದೊಂದೇ ಸ್ಲೈಡಿನಿಂದ ಗಣಪತಿಯನ್ನೂ ಬಾಳೆಕಂದನ್ನೂ ತಾನೇ ಅಳಿಸಿದಳು. ಅಳಿಸುತ್ತ ಮತ್ತೊಮ್ಮೆ ಹೇಳಿದಳು: "ನಾಳೆ ಒಂದು ತಾಸು ಮುಂಚೆ ಹೋಗಿ ಟೀಚರ್ ಹತ್ರ ಕೇಳ್ರಿ. ಏನು ಯಾವಾಗ ನಡೀತೈತೆ, ಏನು ತೋರಿಸ್ಬೇಕು, ಏನು ಬ್ಯಾಡ ಅಂತ."

"ಆತು ಮಾರಾಯ್ತಿ," ಎಂದ ಅವನು. ಮರುದಿನ ಟೈರು ಪಂಕ್ಚರಾಗಿ, ಆರಾಧನೆಯ ಗಂಟೆ ಹೊಡೆಯುವಾಗ ಚರ್ಚು ಮುಟ್ಟಿದ.

ಮನೆಯಲ್ಲಿ ಟಿವಿಗೆ ಲೈವ್ ಹಾಕಿಕೊಂಡು ಮೂವರೂ ಕೂತರು. ಮಂಡಕ್ಕಿ ಒಗ್ಗರಣೆಯ ತಟ್ಟೆ ವಾಮದೇವಪ್ಪನವರ ತೊಡೆಯ ಮೇಲಿತ್ತು. ಮೊದಲ ಅರ್ಧ ತಾಸು ಎಲ್ಲವೂ ಸಲೀಸು. ಪಾದ್ರಿಗಳ ಮಾತು ಸ್ಪಷ್ಟವಾಗಿತ್ತು, ಹಾಡಿನ ಸಾಲುಗಳು ಸರಿಯಾದ ಹೊತ್ತಿಗೆ ಬಂದವು. ನಡುವೆ ಎರಡು ಸಲ ಕ್ಯಾಮೆರಾ ಒಬ್ಬ ಹುಡುಗಿಯ ಕಿವಿಯೋಲೆಯ ಹತ್ತಿರ ಹೋಗಿ ಬಂತು. ಅದನ್ನು ಬಿಟ್ಟರೆ ನಯನಾಗೆ ಹೆಸರಿಡಲು ಏನೂ ಸಿಗಲಿಲ್ಲ. ಗಂಡ ಕೆಲಸಗಾರನೇ ಎಂದು ಅವಳಿಗೆ ಒಂದು ಗಳಿಗೆ ಅಭಿಮಾನವೂ ಆಯಿತು.

ಆಮೇಲೆ ಕಾಣಿಕೆಯ ಹಾಡು ಶುರುವಾಯಿತು. ಇಬ್ಬರು ಗಂಡಸರು ಹಿಡಿಕೆಯಿರುವ ಕೆಂಪು ಮಖಮಲ್ಲಿನ ಚೀಲಗಳನ್ನು ಹಿಡಿದು ಸಾಲುಗಳತ್ತ ಬಂದರು. ಯಾರು ಏನು ಹಾಕಿದರೆಂದು ಪಕ್ಕದವರಿಗೂ ಕಾಣಬಾರದೆಂದೇ ಆಳವಾಗಿ ಹೊಲಿದ ಚೀಲಗಳು ಅವು.

ಕ್ಯಾಮೆರಾ ಪಾದ್ರಿಗಳನ್ನು ಬಿಟ್ಟು ಸರ್ರನೆ ತಿರುಗಿತು. ಒಂದು ಕೈ. ಕೈಯಲ್ಲಿ ನೋಟು. ಚೀಲ. ಮುಖ. ಮತ್ತೆ ಕೈ.

"ಅಯ್ಯೋ," ಎಂದಳು ನಯನಾ.

"ನೀಲಿ ಸೀರೆಯವಳು ಹತ್ತು ಹಾಕಿದ್ಲು ನೋಡು!" ನಿರ್ಮಲಮ್ಮ ಕನ್ನಡಕ ಹುಡುಕಿ ಮುಂದೆ ಸರಿದರು. "ಆ ಚೈನು ಹಾಕ್ಕಂಡಿರೋನು ನೋಟು ನಾಕು ಮಡಿಕೆ ಮಡಿಚ್ಯಾನೆ. ದೊಡ್ಡದಾಗಿದ್ರೆ ಯಾಕ ಮಡಿಚ್ತಿದ್ದ?"

ನಯನಾ ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಜೊತೆಗೆ ಹೋಗಿದ್ದ ಸಹಾಯಕ ಕರಿಬಸವರಾಜನಿಗೆ ಮಾಡಿದಳು. ಸ್ವಿಚ್ ಆಫ್. ಟಿವಿಯಲ್ಲಿ ಚೀಲ ಸಾಲಿನಿಂದ ಸಾಲಿಗೆ ಬರುತ್ತಿತ್ತು. ಹೆಂಗಸರ ಕಡೆ ಮೂರನೆಯ ಸಾಲಿನ ತುದಿಯಲ್ಲಿ ಬಿಳಿ ಸೀರೆಯ ಸುಗಂಧಿ ಟೀಚರ್ ಕೂತಿದ್ದರು.

"ತಿರುಗಿಸ್ರಿ ಅದನ್ನ! ಆ ಕಡೆ ತಿರುಗಿಸ್ರಿ!" ಎಂದು ನಯನಾ ಟಿವಿಯ ಮುಂದೆ ನಿಂತು ಕೂಗಿದಳು. ವಾಮದೇವಪ್ಪ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ಸೊಸೆಯನ್ನು ನೋಡಿದರು.

ಬಸವಕಿರಣನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಲೋಪವಿರಲಿಲ್ಲ, ಅದೇ ಗ್ರಹಚಾರ. ಟೀಚರ ಕೈ ಚೀಲದ ಬಾಯಿಗೆ ಹೋದದ್ದು ಬೆಳಕಿನಲ್ಲಿ ನಿಚ್ಚಳವಾಗಿ ಬಂತು. ಬೆರಳುಗಳ ನಡುವೆ ಏನೂ ಇರಲಿಲ್ಲ. ಅಂಗೈ ಖಾಲಿ. ಆಮೇಲೆ ಅವರ ಮುಖ, ಕಣ್ಣು ಮುಚ್ಚಿಕೊಂಡದ್ದು.

"ಇವ್ರೇ ಅಲ್ಲೇನೇ ನಿಮ್ಮ ಟೀಚರ್?" ಎಂದರು ನಿರ್ಮಲಮ್ಮ. "ಅಯ್ಯಯ್ಯೋ, ಖಾಲಿ ಕೈ!"

ನಯನಾ ಟಿವಿ ಆರಿಸಿದಳು. ಅತ್ತೆಯ ಮೇಲೆ ಎಂದೂ ದನಿ ಎತ್ತದವಳು ಅಂದು ಎತ್ತಿದಳು. "ಇನ್ನೊಂದು ಸಲ ಆ ಮಾತು ಅಂದ್ರೆ ನಾನು ಈ ಮನೆಯಾಗೆ ಊಟ ಮಾಡಲ್ಲ ಅತ್ತೆ."

ಬಸವಕಿರಣ್ ಮಧ್ಯಾಹ್ನ ನಗುನಗುತ್ತ ಬಂದ. ಹೆಂಡತಿಯ ಮುಖ ನೋಡಿ ನಗು ನಿಂತಿತು. ಅವಳು ಹೇಳಿದ್ದನ್ನೆಲ್ಲ ಕೇಳಿ, ವಿಡಿಯೋವನ್ನು ತಕ್ಷಣ ತೆಗೆದುಹಾಕಿದ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ತುಂಡನ್ನು ಫೋನಿಗೆ ಇಳಿಸಿಕೊಂಡಿದ್ದರು, ಅದು ಸಭೆಯವರ ವಾಟ್ಸಾಪಿನಲ್ಲಿ ಸುತ್ತತೊಡಗಿತ್ತು.

"ನಾನೇನು ಬೇಕಂತ ಮಾಡಿದ್ನಾ?" ಎಂದ ಬಸವಕಿರಣ್. "ಮುಖ ಬಂದಿಲ್ಲ ಅಂದ್ರೆ ಬೈತಾರೆ, ಬಂದ್ರೂ ಬೈತಾರೆ! ಅವರು ಖಾಲಿ ಕೈ ಹಾಕಿದ್ದಕ್ಕೆ ನಾನೇನ್ ಮಾಡ್ಲಿ?"

"ಕೇಳ್ರಿ ಅಂತ ಹೇಳಿದ್ನೋ ಇಲ್ವೋ? ಹೋಗಿ ಕೂತು ನೋಡ್ರಿ ಅಂತ ಎಷ್ಟು ಸಲ ಬಡ್ಕಂಡೆ?"

"ಆತಲ್ಲ, ಆದದ್ದು ಆತು."

"ನಿಮಗೆ ಆತು. ನಾಳೆ ಸ್ಟಾಫ್ ರೂಮಿಗೆ ಹೋಗೋಳು ನಾನು."

ಸೋಮವಾರ ಸುಗಂಧಿ ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟದ ಬೆಲ್ ಹೊಡೆದಾಗ ಮಕ್ಕಳ ನೋಟ್ಸ್ ತಿದ್ದುವುದಿದೆ ಎಂದು ತರಗತಿಯಲ್ಲೇ ಉಳಿದರು. ಮಂಗಳವಾರ ಹಸಿವಿಲ್ಲ ಎಂದರು. ಆ ವಾರವಿಡೀ ನಯನಾ ಬದನೆಕಾಯಿ ಪಲ್ಯವನ್ನೂ ರೊಟ್ಟಿಯನ್ನೂ ಒಬ್ಬಳೇ ನುಂಗಿದಳು. ಕಡೆಗೆ ಶುಕ್ರವಾರ, ತಡೆಯಲಾರದೆ ಟೀಚರ ತರಗತಿಗೇ ಹೋಗಿ ಬಾಗಿಲು ಮುಂದೆ ಮಾಡಿದಳು.

"ಟೀಚರ್, ತಪ್ಪಾಗೈತೆ. ಏನಾದ್ರೂ ಅನ್ರಿ. ಹಿಂಗೆ ಸುಮ್ಮನಿರ್ಬ್ಯಾಡ್ರಿ."

ಟೀಚರ್ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ನಿನ್ನ ಮೇಲೆ ಸಿಟ್ಟಿಲ್ಲಮ್ಮ. ನಿನ್ನ ಮುಖ ನೋಡಿದ್ರೆ ಅದೆಲ್ಲ ನೆನಪಾಗುತ್ತೆ, ಅದಕ್ಕೆ." ಕಿಟಕಿಯತ್ತ ತಿರುಗಿ, ಮತ್ತೆ ಅವರೇ ಹೇಳಿದರು. "ನಾನು ಕೊಡೋದನ್ನ ತಿಂಗಳ ಮೊದಲ ವಾರವೇ ಕವರಲ್ಲಿ ಹಾಕಿ ಖಜಾಂಚಿಗೆ ಕೊಟ್ಟುಬಿಡ್ತೀನಿ. ಅವರೊಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಉಳಿದ ವಾರ ಚೀಲ ಬಂದಾಗ ಸುಮ್ನೆ ದಾಟಿಸಲ್ಲ, ಖಾಲಿ ಕೈಯನ್ನೇ ಹಾಕಿ ತೆಗೀತೀನಿ. ಎಲ್ಲರ ಕೈಯೂ ಒಳಗೆ ಹೋದ್ರೆ ಯಾರದ್ದು ಖಾಲಿ ಅಂತ ಗೊತ್ತಾಗಲ್ಲ, ಪಕ್ಕದ ಬಡವರಿಗೂ ಮುಜುಗರ ಆಗಲ್ಲ. ಎಷ್ಟೋ ವರ್ಷದಿಂದ ಹಾಗೇ."

"ಹಂಗಾದ್ರೆ ಅದನ್ನ ಹೇಳಿಬಿಡ್ರಿ ಎಲ್ಲಾರಿಗೂ! ಖಜಾಂಚಿಯವರ ಕೈಲೇ ಹೇಳಿಸ್ರಿ."

"ಏನಂತ ಹೇಳಿಸ್ಲಿ? ನಾನು ಇಷ್ಟಿಷ್ಟು ಕೊಡ್ತೀನಿ ಅಂತಾನಾ? ಕೊಟ್ಟಿದ್ದನ್ನ ಹೇಳ್ಕೊಂಡು ತಿರುಗಿದ್ರೆ ಅದು ಕೊಟ್ಟಂಗೇ ಆಗಲ್ಲಮ್ಮ ನಮ್ಮಲ್ಲಿ." ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಬುಧವಾರದ ಪ್ರಾರ್ಥನಾ ಕೂಟದಲ್ಲಿ ಇಬ್ಬರು ನನ್ನ ಕೈ ನೋಡಿದ್ರು. ಮುಖ ಅಲ್ಲ, ಕೈ. ಇನ್ನು ಅಲ್ಲಿ ಕೂರೋದು ಹೇಗೋ ಗೊತ್ತಾಗ್ತಿಲ್ಲ. ಬೇರೆ ಊರಿನ ಸಭೆಗೆ ಹೋಗಿಬಿಡೋಣ ಅನ್ನಿಸ್ತಿದೆ ಒಂದೊಂದ್ಸಲ."

ಹುಟ್ಟಿದ ಊರಿನ ಚರ್ಚನ್ನೇ ಬಿಡುವ ಮಾತು ಅದು. ನಯನಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಊಟದ ಮೇಜಿನ ಹತ್ತಿರ ಹೋಗಿ, ಕ್ಯಾಮೆರಾ, ವೈರು, ರಿಮೋಟು ಎಲ್ಲವನ್ನೂ ಬ್ಯಾಗುಗಳಿಗೆ ತುಂಬತೊಡಗಿದಳು.

"ಹೇ ಹೇ, ನಿಧಾನ! ಲೆನ್ಸ್ ಒಡೀತೈತೆ!" ಬಸವಕಿರಣ್ ಓಡಿ ಬಂದ.

"ಒಡೀಲಿ. ಅಲ್ಲಿ ಒಬ್ರ ಮಾನ ಒಡೆದು ಹೋಗೈತೆ."

ಅವಳು ಟೀಚರ್ ಹೇಳಿದ್ದನ್ನೆಲ್ಲ ಹೇಳಿದಳು. ನಿರ್ಮಲಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಕೊಟ್ಟಿದ್ದು ಯಾರಿಗೂ ಗೊತ್ತಾಗ್ಬಾರ್ದು ಅಂದ್ರೆ ಹೆಂಗೆ?" ಎಂದು ಮೆಲ್ಲಗೆ ಕೇಳಿದರು. "ಗೊತ್ತಾಗ್ಲಿಲ್ಲ ಅಂದ್ರೆ ಮುಯ್ಯಿ ತೀರ್ಸೋದು ಹೆಂಗೆ?"

"ಅದು ತೀರಿಸೋದಲ್ಲ ಅತ್ತೆ."

ನಿರ್ಮಲಮ್ಮನಿಗೆ ಅದು ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಆದರೂ ಸೊಪ್ಪಿನ ಮೊರವನ್ನು ಎಳೆದುಕೊಂಡರು. ಬಸವಕಿರಣ್ ತಲೆ ಕೆರೆದುಕೊಂಡ. ಪ್ರಭುದಾಸ್ ಅವರು ಫೋನ್ ಮಾಡಿದ್ದರಂತೆ. ಯಾವ ಸಾಮಾನು ಬೇಕೆಂದು ಭಾನುವಾರ ಬಂದು ಕಡೆಯ ಮಾತು ಹೇಳಿ, ಇಲ್ಲದಿದ್ದರೆ ಬೆಂಗಳೂರಿನವರಿಗೇ ಹೇಳುತ್ತೇವೆ ಎಂದು ಬಿಗಿಯಾಗಿ ಹೇಳಿದ್ದರಂತೆ. "ಕೊಟೇಶನ್ ಮೇಲ್ ಮಾಡಿಬಿಡ್ತೀನಿ. ಆ ಕಡೆ ತಲೆ ಹಾಕೋಕೆ ನನಗೆ ಮುಖ ಇಲ್ಲ."

"ಬರ್ಬೇಕು," ಎಂದಳು ನಯನಾ. "ಕ್ಯಾಮೆರಾ ಇಲ್ದೆ ಬರ್ಬೇಕು. ಮೊದಲಿಂದ ಕಡೇತನ ಕೂತ್ಕಬೇಕು. ಇಲ್ಲ ಅಂದ್ರೆ ನಿಮ್ಮ ಯಾವ ಕೆಲಸಕ್ಕೂ ನನ್ನ ಹೆಸರು ತಗೀಬ್ಯಾಡ್ರಿ."

"ಹೋಗಲೇ," ಎಂದರು ವಾಮದೇವಪ್ಪ, ಬಹಳ ದಿನದ ಮೇಲೆ ಖಾಲಿಯಾದ ಕುರ್ಚಿಯಲ್ಲಿ ಕೂರುತ್ತ. "ಲುಕ್ಸಾನು ಮಾಡಿದೋನು ಎದುರಿಗೆ ಹೋಗಿ ನಿಂತ್ಕಬೇಕು. ಮಂಡ್ಯಾಗೆ ನಾವು ಹಂಗೇ ಮಾಡೋದು."

ಭಾನುವಾರ ಮೂವರು ಹೊರಟರು. ನಿರ್ಮಲಮ್ಮ ನಾನೂ ಬರುತ್ತೇನೆಂದು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಚರ್ಚು ನಿಜಕ್ಕೂ ಸಣ್ಣದು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಬಸವಕಿರಣ್ ಒಬ್ಬನೇ ಹೋಗಿ ಎರಡೂ ಕಡೆಯ ಸಾಲುಗಳ ನಡುವಿನ ದಾರಿ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ನಾಲ್ಕೈದು ತಲೆಗಳು ಅವನತ್ತ ತಿರುಗಿದವು. ಸುಗಂಧಿ ಟೀಚರ್ ಮೂರನೆಯ ಸಾಲಿನಲ್ಲಿರಲಿಲ್ಲ. ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಕಂಬದ ಮರೆಯಲ್ಲಿ ಕೂತಿದ್ದರು.

ಬಸವಕಿರಣ್ ಮೊದಲ ಸಲ ಕ್ಯಾಮೆರಾ ಇಲ್ಲದ ಕಣ್ಣಿನಿಂದ ಒಂದು ಸಮಾರಂಭವನ್ನು ನೋಡುತ್ತಿದ್ದ. ನಯನಾ ಹೆಂಗಸರ ಸಾಲಿನಿಂದ ಅವನನ್ನೇ ಗಮನಿಸುತ್ತಿದ್ದಳು. ಅವನು ಮೊದಲು ಕಿಟಕಿಗಳನ್ನು ಎಣಿಸಿದ, ಹಿಂದಿನ ಗೋಡೆಯನ್ನು ನೋಡಿದ, ಸ್ಪೀಕರುಗಳನ್ನು ನೋಡಿದ. ಆಮೇಲೆ ನಿಧಾನವಾಗಿ ಸುಮ್ಮನಾದ. ಮುದುಕನೊಬ್ಬ ಎದ್ದು ನಿಂತು ಸೊಸೆಯ ಕಾಯಿಲೆಗಾಗಿ ಪ್ರಾರ್ಥಿಸಿ ಎಂದಾಗ ತಲೆ ತಗ್ಗಿಸಿದ.

ಕಾಣಿಕೆಯ ಹಾಡು ಬಂತು. ಚೀಲವೂ ಬಂತು. ನಿರ್ಮಲಮ್ಮ ನೋಟನ್ನು ಬಾವುಟದ ಹಾಗೆ ಎತ್ತಿ ಹಿಡಿದದ್ದನ್ನು ನಯನಾ ಮೆಲ್ಲಗೆ ಕೆಳಗಿಳಿಸಿದಳು. ಅಷ್ಟರಲ್ಲಿ ಅತ್ತ ಬಸವಕಿರಣ್ ಜೇಬು ತಡಕಾಡುತ್ತಿದ್ದುದು ಕಂಡಿತು. ಅಂಗಿ ಜೇಬು, ಪ್ಯಾಂಟಿನ ಜೇಬು, ಹಿಂದಿನ ಜೇಬು. ಕಾಫಿಯಿಂದ ಪೆಟ್ರೋಲಿನವರೆಗೆ ಎಲ್ಲಕ್ಕೂ ಫೋನಿನಲ್ಲೇ ದುಡ್ಡು ಕಳಿಸುವ ಮನುಷ್ಯ. ಹೆಂಡತಿಯ ಪರ್ಸು ನಡುದಾರಿಯ ಆಚೆ. ಚೀಲ ಹಿಡಿದವರು ಅವನ ಮುಂದೆ ಬಂದು ನಿಂತರು. ಅವನ ಮುಖ ಕೆಂಪಗಾಯಿತು. ಒಂದು ಗಳಿಗೆ ತಡೆದ. ಆಮೇಲೆ ಮುಷ್ಟಿ ಬಿಗಿದು ಚೀಲದೊಳಗೆ ಇಳಿಸಿ, ತೆಗೆದ. ತೆಗೆದವನು ಗಾಬರಿಯಿಂದ ಹಿಂದೆ ತಿರುಗಿ, ಹೋದ ಸಲ ತನ್ನ ಕ್ಯಾಮೆರಾ ನಿಂತಿದ್ದ ಜಾಗವನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಅಂಗಳದ ಹೊಂಗೆ ಮರದ ಕೆಳಗೆ ಟೀ ಕೊಡುತ್ತಿದ್ದರು. ಟೀ ಬಗ್ಗಿಸುವ ಸರದಿ ಆ ವಾರ ಸುಗಂಧಿ ಟೀಚರದು. ಜನ ಲೋಟ ತೆಗೆದುಕೊಂಡು, ಮಾತಿಗೆ ನಿಲ್ಲದೆ ಸರಿದು ಹೋಗುತ್ತಿದ್ದುದನ್ನು ನಯನಾ ಕಂಡಳು. ಅವಳಿಗೆ ಸಂಕಟವಾಯಿತು. ಪ್ರಭುದಾಸ್ ಅವರು ಬಸವಕಿರಣನನ್ನು ಕರೆದರು. ಸುತ್ತ ಹತ್ತಾರು ಮಂದಿ ನಿಂತರು.

"ಏನ್ರಿ, ಯೋಚನೆ ಮಾಡಿದಿರಾ? ಯಾವ ಕ್ಯಾಮೆರಾ ಅಂತ ಹೇಳಿ. ನಮಗೂ ತೀರ್ಮಾನ ಮಾಡಬೇಕು."

"ಒಂದೇ ಸಾಕು ಸಾರ್. ಹಿಂದಿನ ಗೋಡೆಗೆ, ಅಲ್ಲಾಡದಂಗೆ. ಪಾದ್ರಿಗಳು, ಶಿಲುಬೆ, ಜನರ ಬೆನ್ನು, ಇಷ್ಟೇ ಕಾಣಬೇಕು. ಮೈಕಿನ ವೈರು ನೇರ ಕಂಪ್ಯೂಟರಿಗೆ ಕೊಟ್ರೆ ಸಾಕು. ಕಾಣಿಕೆ ಹಾಡು ಶುರುವಾದ ಕೂಡ್ಲೆ ಹಾಡಿನ ಸ್ಲೈಡ್ ಹಾಕಿಬಿಡೋದು. ಮುಗಿಯೋತನ ತೆಗೀಬಾರದು."

"ಮೂರು ಕ್ಯಾಮೆರಾ ಅಂದಿದ್ರಲ್ಲ?"

"ಅಂದಿದ್ದೆ ಸಾರ್." ಬಸವಕಿರಣ್ ಗಂಟಲು ಸರಿಮಾಡಿಕೊಂಡ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು, ಮದುವೆ ಮನೆಯಲ್ಲಿ ಜನರನ್ನು ಫೋಟೋಕ್ಕೆ ಕರೆಯುವ ದನಿ. "ಇವತ್ತು ಚೀಲ ಬಂದಾಗ ನಾನು ಖಾಲಿ ಕೈ ಹಾಕ್ದೆ ಸಾರ್."

ಟೀ ಬಗ್ಗಿಸುವ ಸದ್ದು ನಿಂತಿತು.

"ಜೇಬಲ್ಲಿ ಏನೂ ಇರ್ಲಿಲ್ಲ. ಹಂಗೇ ದಾಟಿಸೋಕೆ ನಾಚಿಕೆ ಆತು, ಮುಷ್ಟಿ ಮಾಡಿ ಹಾಕ್ದೆ. ಯಾರಾದ್ರೂ ಕ್ಯಾಮೆರಾ ಹಿಡಿದಾರೇನೋ ಅಂತ ಮೈಯೆಲ್ಲ ಬೆವರ್ತು. ಹೋದ ಸಲ ನಾನು ನಿಮಗೆಲ್ಲ ಮಾಡಿದ್ದು ಅದೇ. ಮದುವೆ ಮುಯ್ಯಿ ಅಂದ್ಕಂಡು ತೆಗ್ದೆ. ಒಂದು ಕೈಯಲ್ಲಿ ಏನೈತೆ ಏನಿಲ್ಲ ಅಂತ ನೋಡಿ ಆ ಕೈಯೋರ ಬಗ್ಗೆ ಏನೂ ಹೇಳೋಕಾಗಲ್ಲ ಸಾರ್. ತಪ್ಪು ನಂದು. ಇನ್ನೊಬ್ರ ಮೇಲೆ ಹಾಕ್ಬ್ಯಾಡ್ರಿ."

ನಯನಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ಹೊತ್ತಿಗೆ, ಮದುವೆಯಾದ ಮೇಲೆ ಗಂಡ ಇಷ್ಟು ಇಷ್ಟವಾದದ್ದು ಇದೇ ಮೊದಲು ಎಂದೂ ಅನ್ನಿಸಿತು.

ಪ್ರಭುದಾಸ್ ಅವರು ಲೋಟದಲ್ಲಿನ ಟೀಯನ್ನೇ ನೋಡುತ್ತ ನಿಂತರು. ಆಮೇಲೆ ತಲೆ ಎತ್ತದೆ ಹೇಳಿದರು: "ಅವತ್ತು ನನ್ನ ಸಾಲಿಗೆ ಬರೋಷ್ಟರಲ್ಲಿ ನಿಮ್ಮ ಕ್ಯಾಮೆರಾ ಸ್ಟೇಜಿಗೆ ವಾಪಸ್ ಹೋಯ್ತು. ನಾನು ಬಚಾವಾದೆ."

ಮೊದಲು ಯಾರೋ ಕಿಸಕ್ಕೆಂದರು. ಇನ್ನೊಬ್ಬರು, ನಾನಂತೂ ಬಸ್ ಟಿಕೆಟ್ ಹಾಕಿದ್ದೇನೆ ಒಂದು ಸಲ ಎಂದರು. ನಗು ಮರದ ಕೆಳಗೆಲ್ಲ ಹರಡಿತು. ನೀಲಿ ಸೀರೆಯ ಹೆಂಗಸು ಲೋಟ ಹಿಡಿದು ಟೀಚರ ಹತ್ತಿರ ಹೋಗಿ, ಇನ್ನರ್ಧ ಹಾಕಿ ಟೀಚರ್ ಎಂದು ಅಲ್ಲೇ ಮಾತಿಗೆ ನಿಂತಳು. ಸುಗಂಧಿ ಟೀಚರ್ ಕೆಟಲು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ನೇರ ನಯನಾಳ ಹತ್ತಿರ ಬಂದರು.

"ಏನಮ್ಮ, ಗಂಡನ ಜೇಬಿಗೆ ಹತ್ತು ರೂಪಾಯಿ ಹಾಕಿ ಕರ್ಕೊಂಡು ಬರೋಕಾಗ್ಲಿಲ್ವಾ ನಿನಗೆ?"

"ಟೀಚರ್, ನಾನು ಹೇಳಿದ್ದು ಒಂದಾದ್ರೂ ಕೇಳ್ಯಾರೇನು ಅವರು? ಒಂದಾದ್ರೂ?" ಎಂದು ನಯನಾ ಶುರುಮಾಡಿದಳು. ವಾರಗಟ್ಟಲೆ ಕೂಡಿಟ್ಟದ್ದು ಇನ್ನೂ ಬೇಕಾದಷ್ಟಿತ್ತು, ಟ್ರೈಪಾಡು, ಗಣಪತಿ, ಪಂಕ್ಚರು ಎಲ್ಲ. ಆದರೆ ಟೀಚರ ಕೈ ಅವಳ ಕೈಯನ್ನು ಹಿಡಿದುಕೊಂಡಿತ್ತು. ಅಂಗಳದ ನಡುವೆ ಎಲ್ಲರೆದುರಿಗೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.